ಅಪ್ಪನ ಮಳೆ ಲೆಕ್ಕ, ನನ್ನ ಸೋನಾರ್

ಕೊಡಗಿನ ಶಾಂತಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಕಾಫಿ ಕುಡಿಯುವುದಕ್ಕೂ ಮೊದಲು ಮಳೆ ಅಳೆಯುತ್ತಾರೆ. ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಪುಸ್ತಕದಲ್ಲಿ ಬರೆದು, ರಾತ್ರಿ ಫೋನಿನಲ್ಲಿ ನನಗೂ ಒಪ್ಪಿಸುತ್ತಾರೆ. ನಾನು ಮಂಗಳೂರಿನಲ್ಲಿ ಸರ್ವೆ ಬೋಟಿನ ಸೋನಾರ್‌ನಿಂದ ಸಮುದ್ರದ ತಳ ಅಳೆಯುವವನು. ಸೋನಾರ್ ಅಂದರೆ ಶಬ್ದದ ಕಿರಣಗಳನ್ನು ಬೀಸಣಿಗೆಯ ಹಾಗೆ ಕೆಳಕ್ಕೂ ಎರಡೂ ಬದಿಗೂ ಕಳಿಸಿ, ಅವು ತಳಕ್ಕೆ ಬಡಿದು ಮರಳುವ ಹೊತ್ತಿನಿಂದ ಆಳ ಲೆಕ್ಕ ಹಾಕುವ ಉಪಕರಣ. ಅವರ ಇಂಚಿಗೂ ನನ್ನ ಮೀಟರಿಗೂ ನಂಟಿದೆ ಅಂತ ತಿಳಿಯಲು ಒಂದಿಡೀ ದಿನದ ಡೇಟಾ ಹಾಳಾಗಬೇಕಾಯಿತು.

ಅಕ್ಟೋಬರಿನ ಕಾವೇರಿ ಸಂಕ್ರಮಣ ಮುಗಿದ ಮರುವಾರ ಅದು. "ಮೂರು ಇಂಚು ದಾಟಿತು ಮಗ, ಮಲ್ಲಳ್ಳಿ ಕಡೆ ಹೋಗೋಕೇ ಆಗ್ತಿಲ್ಲ" ಅಂದರು. ಹೂಂಗುಟ್ಟಿ ಮಲಗಿದೆ.

ಮರುದಿನ ಬೆಳಗ್ಗೆ, ಭರತದ ಹೊತ್ತು, ಹೊಳೆ ಕಡಲು ಸೇರುವ ಅಳಿವೆಬಾಗಿಲಿನ ಹೊರಗೆ ಎಸ್‌ವಿಪಿ ಇಳಿಸಿದೆ. ಯಾವ ಆಳದಲ್ಲಿ ಶಬ್ದದ ವೇಗ ಎಷ್ಟು ಅಂತ ಹೇಳುವ ಉಪಕರಣ ಅದು. ಮೇಲಿಂದ ತಳದವರೆಗೆ ಸೆಕೆಂಡಿಗೆ 1540 ಮೀಟರ್ ಆಸುಪಾಸು. ಅದನ್ನೇ ದಿನವಿಡೀ ಬಳಸಿದೆ. ಮಧ್ಯಾಹ್ನ ಇಳಿತ ಶುರುವಾಗಿ ಕೆಂಪು ನೀರು, ನೊರೆ, ಕಸಕಡ್ಡಿ ಬೋಟನ್ನು ಸುತ್ತಿಕೊಂಡಿತು. ಚೆನ್ನಾಗಿದೆ ಅಂತ ಫೋಟೋ ಬೇರೆ ತೆಗೆದೆ!

ಸಂಜೆ ನೋಡಿದರೆ, 20 ಮೀಟರ್ ಆಳದ ಸಪಾಟು ತಳ ಕವುಚಿಟ್ಟ ಬಟ್ಟಲಿನ ಹಾಗೆ ಎರಡೂ ಅಂಚಿನಲ್ಲಿ ಅರ್ಧ ಮೀಟರಿನಷ್ಟು ಕೆಳಗೆ ಬಾಗಿದೆ. ನಡುವೆ ಮಾತ್ರ ಸರಿ.

ಹೊಳೆ ನೀರು ಹಗುರ, ಸಮುದ್ರದ ಮೇಲೆ ಪದರವಾಗಿ ಹರಡುತ್ತದೆ. ಸಾವಿರದಲ್ಲಿ ಒಂದು ಪಾಲು ಉಪ್ಪು ಕಡಿಮೆಯಾದರೆ ಶಬ್ದದ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಆ ನಿಧಾನದ ಪದರದಿಂದ ಕೆಳಗಿನ ವೇಗದ ಉಪ್ಪುನೀರಿಗೆ ಓರೆಯಾಗಿ ಇಳಿಯುವ ಕಿರಣ ಇನ್ನಷ್ಟು ಹೊರಕ್ಕೆ ವಾಲುತ್ತದೆ. ನೇರ ಕೆಳಗಿಳಿಯುವುದಕ್ಕೆ ಆ ತಾಪತ್ರಯವಿಲ್ಲ. ಬೆಳಗಿನ ಲೆಕ್ಕವನ್ನೇ ನಂಬಿದ ಸಾಫ್ಟ್‌ವೇರ್ ಓರೆ ಕಿರಣವನ್ನೂ ಬಾಗಿಸದೆ ಎಳೆದು, ಅಂಚನ್ನು ಇನ್ನೂ ಆಳದಲ್ಲಿ ತೋರಿಸಿತು. (ನೈರುತ್ಯ ಮಳೆಗಾಲದಲ್ಲಿ ಈ ಕರಾವಳಿಗೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಶಬ್ದ ತಣ್ಣೀರಿನಲ್ಲಿ ನಿಧಾನ. ಆಗಿನ ಫಜೀತಿಯೇ ಬೇರೆ.)

ತಪ್ಪು ಉಪಕರಣದ್ದು ಅಂತ ಎರಡು ದಿನ ವಾದ ಮಾಡಿದ್ದೆ, ಈಗ ನಾಚಿಕೆಯಾಗುತ್ತದೆ. ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರೆ ಮಲ್ಲಳ್ಳಿಯಲ್ಲಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ನಮ್ಮ ಬೋಟಿನ ಕೆಳಗೇ ಬರುವುದು ಶಾಲೆಯಲ್ಲೇ ಓದಿದ ವಿಷಯ. ಕೆಂಪು ನೀರಿನಲ್ಲಿ ಅಪ್ಪನ ಮೂರು ಇಂಚೂ ಇತ್ತು.

ಈಗ ಭರತ ಇಳಿತ ಬದಲಾದಾಗಲೆಲ್ಲ ಎಸ್‌ವಿಪಿ ಇಳಿಸುತ್ತೇನೆ, ನೀರಿನ ಬಣ್ಣ ಬದಲಾದರೆ ಬೋಟು ನಿಲ್ಲಿಸಿ ಮತ್ತೊಮ್ಮೆ. ಲಾಗ್‌ ಶೀಟಿನ ಷರಾ ಕಾಲಂನಲ್ಲಿ "ಶಾಂತಳ್ಳಿ: 2 ಇಂಚು 40 ಸೆಂಟು" ಅಂತ ಬರೆಯುವುದೂ ರೂಢಿಯಾಗಿದೆ. ಅದೇನು ಅಂತ ಆಫೀಸಿನವರು ಇನ್ನೂ ಕೇಳಿಲ್ಲ.