ಹಣ್ಣಿನ ಹೆಸರು ಹೊತ್ತ ತಿರಸ್ಕಾರ

14 ಜೂನ್ 2024, ಶುಕ್ರವಾರ
ಮೈಸೂರು

ನೇರಳೆ ಹಣ್ಣು ಕೊಟ್ಟು ಬರಲೆಂದು ಸಂಜೆ ದೊಡ್ಡಪ್ಪನವರ ಮನೆಗೆ ಹೋದವಳು ರಾತ್ರಿ ಎಂಟಾದರೂ ಅಲ್ಲಿಂದ ಏಳಲಿಲ್ಲ. ಇಂಗ್ಲಿಷ್ ಪದಬಂಧಕ್ಕೆ ತಾವೇ ಹೊಸೆದ ಸುಳಿವುಗಳನ್ನು ಬರೆದಿಡುವ ಆ ಉದ್ದನೆಯ ನೋಟುಬುಕ್ಕು ಅವರ ತೊಡೆಯ ಮೇಲಿತ್ತು. ಮಧ್ಯಾಹ್ನ ಬಂದಿದ್ದ ನೆಂಟರೊಬ್ಬರು ಅದನ್ನು ತಿರುವಿ ಹಾಕಿ, "ಈ ವಯಸ್ಸಿನಲ್ಲಿ ರಾಮನಾಮ ಬರೆಯುವುದು ಬಿಟ್ಟು ಇದೇನು" ಎಂದು ಮೂಗು ಮುರಿದರಂತೆ. ಇದನ್ನು ಅಡುಗೆಮನೆಯಲ್ಲಿ ಹೇಳಿದವರು ದೊಡ್ಡಮ್ಮ. ದೊಡ್ಡಪ್ಪ ಬಾಯಿ ಬಿಡಲಿಲ್ಲ.

ಬದಲಿಗೆ, "ಹಣ್ಣೂ ಹೌದು, ಹೀಗಳೆಯುವ ಸದ್ದೂ ಹೌದು, ಒಂಬತ್ತು ಅಕ್ಷರ. ಹೇಳು ನೋಡೋಣ ಮಗು" ಎಂದರು. ಬ್ಲೂಬೆರಿ ಎಂದೆ, ಕ್ರ್ಯಾನ್‌ಬೆರಿ ಎಂದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂಬತ್ತೇ ಅಕ್ಷರ, ಆದರೆ ಅವುಗಳಲ್ಲಿ ಸದ್ದಿಲ್ಲ. ಉತ್ತರ ರಾಸ್ಪ್‌ಬೆರಿ.

ನಾಲಗೆಯನ್ನು ತುಟಿಗಳ ನಡುವೆ ಇಟ್ಟು ಪುರ್ರೆಂದು ಗಾಳಿ ಬಿಡುವ ಅಣಕಕ್ಕೆ ಇಂಗ್ಲಿಷಿನವರು ಹಣ್ಣಿನ ಹೆಸರನ್ನೇಕೆ ಇಟ್ಟರೆಂದು ಕೇಳಿದೆ. ಲಂಡನ್ನಿನ ಕಾಕ್ನಿ ಜನರು ಒಂದು ಪದದ ಬದಲು ಅದಕ್ಕೆ ಪ್ರಾಸವಾಗುವ ಜೋಡಿಪದವನ್ನು ಹೇಳಿ, ಕೊನೆಗೆ ಆ ಪ್ರಾಸದ ಪದವನ್ನೇ ನುಂಗಿಬಿಡುವುದುಂಟೆಂದೂ, ಹೂಸಿಗಿರುವ 'ಫಾರ್ಟ್' ಎಂಬ ಇಂಗ್ಲಿಷ್ ಪದಕ್ಕೆ 'ರಾಸ್ಪ್‌ಬೆರಿ ಟಾರ್ಟ್' ಎಂಬ ತಿಂಡಿಯ ಹೆಸರು ಪ್ರಾಸವಾಗಿ ಒದಗಿ, ಟಾರ್ಟ್ ಬಿದ್ದುಹೋಗಿ ರಾಸ್ಪ್‌ಬೆರಿ ಮಾತ್ರ ಉಳಿಯಿತೆಂದೂ ಅವರು ವಿವರಿಸಿದರು. "ಹಣ್ಣಿನದೇನೂ ತಪ್ಪಿಲ್ಲ, ಪಾಪ. ಪ್ರಾಸದ ಪಕ್ಕ ನಿಂತಿತ್ತು, ಅಷ್ಟೇ." ಅಮೆರಿಕದಲ್ಲಿ ವರ್ಷದ ಅತಿ ಕೆಟ್ಟ ಚಿತ್ರಗಳಿಗೆ 1981ರಿಂದ ಕೊಡುತ್ತಿರುವ ಪ್ರಶಸ್ತಿಯ ಹೆಸರೂ ಗೋಲ್ಡನ್ ರಾಸ್ಪ್‌ಬೆರಿ. ನಮ್ಮ ಬೆಟ್ಟಗಳಲ್ಲಿ ಬೆಳೆಯುವ ಒಂದು ಕಾಡುಜಾತಿಯನ್ನು ಇಂಗ್ಲಿಷಿನಲ್ಲಿ 'ಮೈಸೂರು ರಾಸ್ಪ್‌ಬೆರಿ' ಎನ್ನುತ್ತಾರೆ ಎಂದಾಗ ಮಾತ್ರ ನನಗೆ ಎಲ್ಲಿಯೋ ಚುಚ್ಚಿದಂತಾಯಿತು.

ಅದೇ ಸದ್ದನ್ನು ಎಳೆಯ ಮಕ್ಕಳು ದಿನವಿಡೀ ಮಾಡುತ್ತಾರೆ. ಮಗು ಬುರ್ರೆಂದರೆ ಮಳೆ ಬರುತ್ತದೆ ಎಂದು ನಮ್ಮ ಅಜ್ಜಿ ಒಣಗಹಾಕಿದ ಹಪ್ಪಳವನ್ನು ಒಳಗೆ ತರಿಸುತ್ತಿದ್ದರು. ಅಲ್ಲಿ ತಿರಸ್ಕಾರ, ಇಲ್ಲಿ ಮಳೆಯ ಸೂಚನೆ. ಇದನ್ನು ಹೇಳಿದಾಗ ದೊಡ್ಡಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವೂ ಕಡಿಮೆಯಿಲ್ಲ. ತೃಣೀಕರಿಸು ಎನ್ನುವಾಗ ಹುಲ್ಲನ್ನು ಎಳೆದು ತರುತ್ತೇವಲ್ಲ, ಹುಲ್ಲು ಯಾರಿಗೆ ಏನು ಮಾಡಿತ್ತು?" ಎಂದರು.

ಕನ್ನಡದಲ್ಲಿ ಇಂಥ ಸುಳಿವು ಕಟ್ಟುವುದು ಕಷ್ಟವೆಂಬುದು ಅವರ ಹಳೆಯ ಕೊರಗು. ನಮ್ಮ ಪದಬಂಧದಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುವುದರಿಂದ, ಇಂಗ್ಲಿಷಿನಂತೆ ಅಕ್ಷರಗಳನ್ನು ಕಲಸಿ ಬೇರೆ ಪದ ಮಾಡಲು ಬರುವುದಿಲ್ಲ. ಆದರೆ ಸಂಧಿ ಇದೆಯಲ್ಲ ಎಂದೆ. ತಟ್ಟೆಯಲ್ಲಿ ಕಣ್ಣೆದುರಿಗೇ ಇತ್ತು: ನೇರ, ಅಳೆ, ಲೋಪಸಂಧಿಯಾದರೆ ನೇರಳೆ. "ಬಾಗದೆ ಅಳತೆ ಮಾಡು, ನಾಲಗೆಯ ಬಣ್ಣ ಬದಲಾದೀತು, ಮೂರು ಅಕ್ಷರ" ಎಂದು ಬಾಯಿಗೆ ಬಂದಂತೆ ಸುಳಿವು ಕೊಟ್ಟೆ. ಅವರು ಅದನ್ನು ಬರೆದುಕೊಂಡರು. ಎಂಬತ್ತು ದಾಟಿದ ಆ ಕೈಬರಹ ಎಷ್ಟು ನಡುಗುತ್ತಿದೆ ಎಂದು ಇವತ್ತೇ ಗಮನಿಸಿದೆ.

ಹೊರಡುವಾಗ ಗೇಟಿನವರೆಗೆ ಬಂದು, "ಧಿಕ್ಕಾರದೊಳಗೆ ಒಂದು ಹಣ್ಣಿದೆ ನೋಡು. ಧಿಕ್ ಬಿಟ್ಟರೆ ಉಳಿಯುವುದು ಕಾರ. ತಲಕಟ್ಟು ತೆಗೆದು ಎತ್ವ ಕೊಟ್ಟರೆ ಕಾರೆ" ಎಂದರು. ಕಾರೆ ಹಣ್ಣು ತಿಂದು ಎಷ್ಟು ವರ್ಷವಾಯಿತೋ. ಮುಳ್ಳಿನ ನಡುವೆ ಕೈ ಹಾಕಿ ಬಿಡಿಸಿಕೊಡುತ್ತಿದ್ದವರು ಇವರೇ, ಆ ನೆಂಟರಿಗೂ ಚಿಕ್ಕಂದಿನಲ್ಲಿ.