ಪ್ರೈಮರಿ ಮುಗಿದ ಮೇಲೆ

ಜೂನ್‌ನಲ್ಲಿ ನ್ಯೂಜೆರ್ಸಿಯ ನಮ್ಮೂರಿನ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಒಳಚುನಾವಣೆ, ಮುಗಿಯಿತು. ನಾನು ಯಾರ ಪರ ಓಡಾಡಿದೆನೋ ಆ ಅಭ್ಯರ್ಥಿ ಸೋತರು. ಎಲ್ಲರೂ ಒಂದೇ ಪಕ್ಷದವರು, ಆದರೂ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ನಿನ್ನೆ ಸಂಜೆ ಗೆದ್ದವರ ಕಡೆಯ ಹಿರಿಯರೊಬ್ಬರು ಮನೆಗೇ ಬಂದರು, ಅಂಗಳದಲ್ಲಿ ಇನ್ನೂ ನೆಟ್ಟಿದ್ದ ಸೋತವರ ಬೋರ್ಡ್ ನೋಡಿ, "ಅದು ಇರಲಿ ಬಿಡಿ, ನವೆಂಬರ್ ಚುನಾವಣೆಗೆ ನನ್ನ ಜೊತೆ ಮನೆಮನೆ ಸುತ್ತೋಕೆ ಬರ್ತೀರಾ?" ಅಂತ ಕೇಳಿದರು. ಗಂಟಲು ಕಟ್ಟಿತು.

2008ರ ಅಧ್ಯಕ್ಷೀಯ ಪ್ರೈಮರಿಯಲ್ಲಿ ಒಂದೇ ಪಕ್ಷದ ಒಬಾಮಾ, ಹಿಲರಿ ಕ್ಲಿಂಟನ್ ಅಷ್ಟು ಜಿದ್ದಿಗೆ ಬಿದ್ದು, ಆಮೇಲೆ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನೋ ಪುಟ್ಟ ಊರಲ್ಲಿ ಒಟ್ಟಿಗೆ ವೇದಿಕೆ ಹತ್ತಿದ್ದು ನೆನಪಾಯಿತು. ಪ್ರೈಮರಿಯಲ್ಲಿ ಆ ಊರಲ್ಲಿ ಇಬ್ಬರಿಗೂ ಬಿದ್ದದ್ದು ತಲಾ 107 ಮತ. ಸೋತವರನ್ನು ಕರೆಯೋಕೆ ಗೆದ್ದವರೇ ಮೊದಲು ಬರಬೇಕು ಅಲ್ವಾ, ಇವರು ಬಂದರು. ಶನಿವಾರ ಬೆಳಿಗ್ಗೆ ಇಬ್ಬರೂ ಹೊರಡುತ್ತೇವೆ.