ಅಗ್ಗದ ಡಿಎನ್‌ಎಸ್ ನಂಬಬಹುದಾ?

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರ ವೆಬ್‌ಸೈಟ್ ನಾನೇ ನೋಡಿಕೊಳ್ಳೋದು. ಅವರು ಕಡಿಮೆ ದುಡ್ಡಿನ ಡಿಎನ್‌ಎಸ್ (ಸೈಟಿನ ಹೆಸರು ಕೇಳಿದರೆ ಅದರ ಐಪಿ, ಅಂದರೆ ಅಂಕಿಗಳ ವಿಳಾಸ, ಹೇಳುವ ವ್ಯವಸ್ಥೆ) ಸೇವೆಯೊಂದನ್ನು ತೋರಿಸಿ, ಇದಾಗುತ್ತಾ ನೋಡಪ್ಪ ಅಂದರು.

ಜಾಹೀರಾತು ಬದಿಗಿಟ್ಟು ಮೊದಲು ಅವರ ನೇಮ್‌ಸರ್ವರ್‌ಗಳ, ಅಂದರೆ ಆ ಉತ್ತರ ಕೊಡುವ ಕಂಪ್ಯೂಟರ್‌ಗಳ, ಐಪಿ ನೋಡಿದೆ. ಹೆಸರು ಎರಡು, ವಿಳಾಸದಲ್ಲಿ ಕೊನೆಯ ಅಂಕಿ ಮಾತ್ರ ಬೇರೆ. ಎರಡೂ ಒಂದೇ ಕಡೆ ಇರುವ ಹಾಗಿದೆ. ಅಲ್ಲಿ ಲೈನ್ ಹೋದರೆ ಎರಡೂ ಹೋದಂತೆ. ದೂರ ದೂರದ ಜಾಗಗಳಲ್ಲಿ, ಬೇರೆ ಬೇರೆ ನೆಟ್‌ವರ್ಕ್‌ಗಳಲ್ಲಿ ಇಡಿ ಅಂತ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 2182 ಹೇಳಿದ್ದು 1997ರಲ್ಲೇ!

ಡಿಎನ್‌ಎಸ್ ವಿಚಾರಿಸುವ ಡಿಗ್ ಕಮಾಂಡ್ ಹಾಕಿ ಎರಡೂ ಸರ್ವರ್‌ಗಳ ಎಸ್‌ಒಎ ಸೀರಿಯಲ್ (ಮಾಹಿತಿ ಎಷ್ಟು ಹೊಸದು ಅಂತ ತೋರಿಸುವ ಸಂಖ್ಯೆ) ಹೋಲಿಸಿದೆ. ರೆಕಾರ್ಡ್ ಬದಲಿಸಿ ಬಹಳ ಹೊತ್ತಾದರೂ ಎರಡನೆಯದರಲ್ಲಿ ಹಳೆಯದೇ ಕೂತಿತ್ತು. ನನಗೆ ಇದೇ ದೊಡ್ಡ ತಕರಾರು.

ದುಬಾರಿಯದೆಲ್ಲ ಭದ್ರ ಅಂತಲೂ ಅಲ್ಲ. 2016ರ ಅಕ್ಟೋಬರ್‌ನಲ್ಲಿ ದೊಡ್ಡ ಡಿಎನ್‌ಎಸ್ ಕಂಪನಿ ಡೈನ್ ಮೇಲೆ ದಾಳಿಯಾದಾಗ ಟ್ವಿಟರ್ ಕೂಡ ಎಷ್ಟೋ ಜನಕ್ಕೆ ಸಿಗಲಿಲ್ಲ.

"ಸೈಟ್ ಹೋಗ್ಲಿ, ಮೇಲ್ ಬಂದ್ರೆ ಸಾಕು" ಅಂದರು ಯಜಮಾನರು. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡೂ ಈ ಡಿಎನ್‌ಎಸ್‌ನಲ್ಲೇ ಇರೋದು ಸ್ವಾಮಿ! ಬೇಡ ಅಂದುಬಿಟ್ಟೆ.